ಎಳನೀರಿನ ಕೆಂಪು, ವದಂತಿಯ ನೆತ್ತರು

ಅಸ್ರ್ ನಮಾಝಿನ ಬಳಿಕ ವಿದ್ಯಾರ್ಥಿಯೊಬ್ಬನು ಮೊಬೈಲನ್ನು ನನ್ನ ಮುಂದೆ ಹಿಡಿದನು. ಮಕ್ಕಳನ್ನು ಅಪಹರಿಸಿ, ಭಯಪಡಿಸಿ, ಅವರ ರಕ್ತದಿಂದ 'ಅಡ್ರಿನೋಕ್ರೋಮ್' ತೆಗೆದು ಪಶ್ಚಿಮದ ಸಿರಿವಂತರು ಯೌವನಕ್ಕಾಗಿ ಸೇವಿಸುತ್ತಾರೆಂಬ ವೀಡಿಯೊ ಅದು. "ಹಜ್ರತ್, ಎಲ್ಲರಿಗೂ ಕಳುಹಿಸಲೇ?" ಎಂದು ಕೇಳಿದನು.

ಬೋರನಕಣಿವೆಯ ಸೀಮೆಯವರಾದ ನಮಗೆ ಇದರ ಅರ್ಧ ಉತ್ತರ ತೋಟದಲ್ಲಿಯೇ ದೊರೆಯುತ್ತದೆ. ಎಳನೀರನ್ನು ಗಾಳಿಗೆ ತೆರೆದಿಟ್ಟರೆ ಕೆಲವೊಮ್ಮೆ ಅದು ನಸುಗೆಂಪಾಗುತ್ತದೆ. ಅದರೊಳಗಿನ ಕಿಣ್ವ ಮತ್ತು ಗಾಳಿಯ ಆಮ್ಲಜನಕ ಸೇರಿ ಮಾಡುವ ಕೆಲಸವದು. ಮೂತ್ರಪಿಂಡದ ಮೇಲಿನ ಗ್ರಂಥಿ ಸ್ರವಿಸುವ ಅಡ್ರಿನಲಿನ್ ಕೂಡ ಉತ್ಕರ್ಷಣಗೊಂಡು ನಾಲ್ಕು ಹೈಡ್ರೋಜನ್ ಪರಮಾಣುಗಳನ್ನು ಕಳೆದುಕೊಂಡರೆ ಕೆಂಪು ಛಾಯೆಯ ಅಡ್ರಿನೋಕ್ರೋಮ್ ಆಗುತ್ತದೆ. ಆದುದರಿಂದಲೇ ಬಣ್ಣಗೆಟ್ಟ ಅಡ್ರಿನಲಿನ್ ಚುಚ್ಚುಮದ್ದನ್ನು ಬಳಸಬಾರದು. 1904ರಲ್ಲಿಯೇ ಅಡ್ರಿನಲಿನ್ ಪ್ರಯೋಗಾಲಯದಲ್ಲಿ ತಯಾರಾಯಿತು. ಅದಕ್ಕೆ ಯಾವ ಮಗುವಿನ ರಕ್ತವೂ ಬೇಕಿಲ್ಲ. ಅಡ್ರಿನೋಕ್ರೋಮ್‌ಗೆ ಯೌವನ ನೀಡುವ ಗುಣವೂ ಇಲ್ಲ. 1950ರ ದಶಕದಲ್ಲಿ ಕೆನಡಾದ ವೈದ್ಯರು ಅದನ್ನು ಸ್ಕಿಜೋಫ್ರೇನಿಯಾಕ್ಕೆ ಕಾರಣವೆಂದು ಶಂಕಿಸಿದ್ದರು. ಆ ವಾದವೂ ನಿಲ್ಲಲಿಲ್ಲ.

ಹಾಗಾದರೆ ರಕ್ತದ ಕಥೆ ಎಲ್ಲಿಂದ ಬಂತು? 1144ರಲ್ಲಿ ಇಂಗ್ಲೆಂಡಿನ ನಾರ್ವಿಚ್‌ನಲ್ಲಿ ಬಾಲಕನೊಬ್ಬನು ಸತ್ತಾಗ ಆ ಕೊಲೆಯನ್ನು ಯಹೂದಿಗಳ ತಲೆಗೆ ಕಟ್ಟಲಾಯಿತು. ಮುಂದೆ ಅವರು ಮಕ್ಕಳ ರಕ್ತ ಬಳಸುತ್ತಾರೆಂಬ ಸುಳ್ಳು ಯುರೋಪಿನಲ್ಲೆಲ್ಲ ಹಬ್ಬಿ ಅನೇಕ ನಿರಪರಾಧಿಗಳ ಪ್ರಾಣ ತೆಗೆಯಿತು. ಇಂದಿನ ವೀಡಿಯೊ ಆ ಹಳೆಯ ಸುಳ್ಳಿಗೆ ತೊಡಿಸಿದ ರಸಾಯನಶಾಸ್ತ್ರದ ಹೊಸ ಅಂಗಿ.

"ಅದು ಅವರ ಮೇಲಿನ ಆರೋಪ, ನಮಗೇನು?" ಎನ್ನುವವರು ಮುರ್ಕಿಯನ್ನು ನೆನೆಯಲಿ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಆ ಹಳ್ಳಿಯ ಬಳಿ, ಮಕ್ಕಳಿಗೆ ಚಾಕೊಲೇಟ್ ಹಂಚಿದ ಪ್ರವಾಸಿಗರನ್ನು ಮಕ್ಕಳ ಕಳ್ಳರೆಂದು ವಾಟ್ಸಾಪ್ ಸಂದೇಶಗಳು ಸಾರಿದವು. ಗುಂಪಿನ ಹೊಡೆತಕ್ಕೆ ಹೈದರಾಬಾದಿನ ಮುಸ್ಲಿಮ್ ಯುವಕನೊಬ್ಬನು ಬಲಿಯಾದನು. ಸಂದೇಶ ಕಳುಹಿಸಿದವರಲ್ಲಿ ಅನೇಕರು ಮಕ್ಕಳನ್ನು ರಕ್ಷಿಸುತ್ತಿದ್ದೇವೆಂದೇ ನಂಬಿದ್ದಿರಬೇಕು. ಸದುದ್ದೇಶವು ಸುಳ್ಳನ್ನು ಸತ್ಯವಾಗಿಸುವುದಿಲ್ಲ.

ಪವಿತ್ರ ಕುರ್‌ಆನಿನ ಅಲ್ ಹುಜುರಾತ್ ಅಧ್ಯಾಯವು, ಅರಿಯದೆ ಒಂದು ಜನಸಮೂಹಕ್ಕೆ ಹಾನಿ ಮಾಡಿ ಆ ಬಳಿಕ ಪಶ್ಚಾತ್ತಾಪ ಪಡದಂತೆ, ಬಂದ ಸುದ್ದಿಯನ್ನು ಪರಿಶೀಲಿಸಬೇಕೆಂದು ಆಜ್ಞಾಪಿಸುತ್ತದೆ. ಅಲ್ ಮಾಇದ ಅಧ್ಯಾಯವು ಒಂದು ಜನಾಂಗದ ಮೇಲಿನ ದ್ವೇಷವೂ ನಮ್ಮನ್ನು ನ್ಯಾಯದಿಂದ ಸರಿಸಬಾರದೆನ್ನುತ್ತದೆ. ಕೇಳಿದ್ದನ್ನೆಲ್ಲ ಹೇಳುತ್ತಾ ಹೋಗುವುದೇ ಸುಳ್ಳುಗಾರನಾಗಲು ಸಾಕೆಂದು ಪ್ರವಾದಿ(ಸ)ರು ಎಚ್ಚರಿಸಿದ್ದಾರೆ. ವದಂತಿಯ ಪೆಟ್ಟು ತಿಂದ ಸಮುದಾಯವೇ ವದಂತಿಯನ್ನು ಹೊತ್ತು ಸಾಗುವುದು ಇಮ್ಮಡಿ ಅಪರಾಧವಲ್ಲವೇ?

ನಾನು ಹುಡುಗನಿಗೆ ಇಷ್ಟನ್ನೇ ಹೇಳಿದೆನು. ಅವನು ವೀಡಿಯೊ ಅಳಿಸಿದನು. ಬಳಿಕ ಅದನ್ನು ಕಳುಹಿಸಿದ ತನ್ನ ಚಾಚಾರಿಗೆ ಕರೆ ಮಾಡಿದನು. ಆ ಎರಡನೆಯ ಕೆಲಸವೇ ಹೆಚ್ಚು ಕಠಿಣ, ಮತ್ತು ಹೆಚ್ಚು ಅಗತ್ಯ.