ಮೊಟ್ಟೆ ಎಲ್ಲರದು, ಉದ್ರಿ ಯಾರದು?

ಕೋಳಿ ಕರಾರುಪತ್ರ ಓದುವುದಿಲ್ಲ. ಚಳಿ ಬಿತ್ತೆಂದರೆ ಮೊಟ್ಟೆಗೆ ಗಿರಾಕಿ ಜಾಸ್ತಿ, ರೇಟು ಮೇಲೆ. ಬಸ್‌ಸ್ಟ್ಯಾಂಡ್ ಎದುರು ಆಮ್ಲೆಟ್ ಹಾಕುವವನಿಗೂ ಇದು ಗೊತ್ತು, ಕಿರಾಣಿ ಅಂಗಡಿಯವನಿಗೂ ಗೊತ್ತು. ಬೆಂಗಳೂರಿನಲ್ಲಿ ಕುಳಿತು ರೇಟು ಬರೆಯುವವರಿಗೆ ಮಾತ್ರ ಗೊತ್ತಿದ್ದಂತಿಲ್ಲ!

ಮಾತು ಶಾಲಾ ಮಕ್ಕಳ ಮೊಟ್ಟೆಯದು. ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಹತ್ತನೇ ತರಗತಿವರೆಗಿನ ಮಕ್ಕಳಿಗೆ ಸರ್ಕಾರ ವಾರಕ್ಕೆ ಎರಡು ದಿನ ಮೊಟ್ಟೆ ಕೊಡುತ್ತಿತ್ತು. 2024ರ ಜುಲೈನಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಜೊತೆ ಕೈಜೋಡಿಸಿತು. ಉಳಿದ ನಾಲ್ಕು ದಿನದ ಖರ್ಚು ಫೌಂಡೇಶನ್‌ನದು. ಮೂರು ವರ್ಷದ ಒಪ್ಪಂದ, ಸುಮಾರು 1,500 ಕೋಟಿ ರೂಪಾಯಿ. ಮೊಟ್ಟೆ ಬೇಡದವರಿಗೆ ಬಾಳೆಹಣ್ಣು. ಕೆಲಸ ದೊಡ್ಡದು, ಒಳ್ಳೆಯದು. ಎರಡು ಮಾತಿಲ್ಲ.

ಈ ಮೊಟ್ಟೆ ಸುಮ್ಮನೆ ಬಂದದ್ದೂ ಅಲ್ಲ. 2021ರ ಡಿಸೆಂಬರಿನಲ್ಲಿ ಯಾದಗಿರಿ, ರಾಯಚೂರು, ಕಲಬುರಗಿ ಸೇರಿ ಏಳು ಜಿಲ್ಲೆಗಳಲ್ಲಿ ಶುರುವಾದಾಗ ಕೆಲವು ಮಠಾಧೀಶರು ಬೇಡವೆಂದರು. ದೊಡ್ಡ ಗಲಾಟೆಯೇ ಆಯಿತು. ಮೊಟ್ಟೆ ತಿಂದ ಯಾದಗಿರಿಯ ಮಕ್ಕಳ ತೂಕ, ಆಗ ಮೊಟ್ಟೆ ಸಿಗದ ಗದಗದ ಮಕ್ಕಳಿಗಿಂತ ಹೆಚ್ಚು ಏರಿತೆಂದು ಗದಗದ ಗ್ರಾಮೀಣಾಭಿವೃದ್ಧಿ ವಿಶ್ವವಿದ್ಯಾಲಯದ ಅಧ್ಯಯನ ಹೇಳಿತು. ತಕ್ಕಡಿ ಮಾತಾಡಿದ ಮೇಲೆ ಗಲಾಟೆ ತಣ್ಣಗಾಯಿತು. ಮೊಟ್ಟೆ ರಾಜ್ಯಕ್ಕೆಲ್ಲ ಹೋಯಿತು.

ಹಾಲಿನ ಲೆಕ್ಕ

ನಾಲ್ಕು ಕೈ ಸೇರಿ ಮಕ್ಕಳ ಹೊಟ್ಟೆ ತುಂಬಿಸುವುದು ನಮ್ಮಲ್ಲಿ ಹೊಸದಲ್ಲ. ಬಿಸಿಯೂಟ ಕೊಡಲೇಬೇಕೆಂದು ಸುಪ್ರೀಂ ಕೋರ್ಟ್ ಹೇಳಿದ್ದು 2001ರಲ್ಲಿ. ಮರುವರ್ಷ ಅಕ್ಷರ ದಾಸೋಹದ ಒಲೆ ಹೊತ್ತಿತು. 2013ರ ಆಗಸ್ಟ್ 1ರಂದು ಕ್ಷೀರಭಾಗ್ಯ ಬಂತು. ಆಗ ಕೆಎಂಎಫ್‌ನಲ್ಲಿ ಹಾಲು ಮಾರಿ ಮುಗಿಯದಷ್ಟಿತ್ತು, ಹಾಲಿನ ಪುಡಿಗೂ ಗಿರಾಕಿ ಬೇಕಿತ್ತು. ಸರ್ಕಾರ ಆ ಪುಡಿ ಕೊಂಡಿತು. ಹೈನುಗಾರನ ಹಾಲು ಖರ್ಚಾಯಿತು, ಮಗುವಿಗೆ 150 ಮಿಲಿಲೀಟರ್ ಸಿಕ್ಕಿತು.

ಇದರಲ್ಲಿ ಯಾರೂ ಧರ್ಮಾತ್ಮರಾಗಬೇಕಿರಲಿಲ್ಲ. ಎಲ್ಲರಿಗೂ ಅವರವರ ಲಾಭವಿತ್ತು. ಆದ್ದರಿಂದಲೇ ಸರ್ಕಾರಗಳು ಬದಲಾದರೂ ಹಾಲು ನಿಲ್ಲಲಿಲ್ಲ.

ಗಂಟು ಬಿದ್ದದ್ದು ಎಲ್ಲಿ?

ಹಾಲಿನ ಪುಡಿ ಕೆಎಂಎಫ್‌ನಿಂದಲೇ ಬರುತ್ತದೆ. ಮೊಟ್ಟೆ ಹಾಗಲ್ಲ. ಅದನ್ನು ಹೆಡ್‌ಮಾಸ್ತರು ಊರಿನ ಅಂಗಡಿಯಲ್ಲೇ ತರಬೇಕು. 2024ರಲ್ಲಿ ಒಂದು ಮೊಟ್ಟೆಗೆ ಕೊಟ್ಟದ್ದು 6 ರೂಪಾಯಿ. ಬೇಯಿಸುವ ಗ್ಯಾಸು, ಸಿಪ್ಪೆ ಸುಲಿಯುವ ಕೂಲಿ, ಎಲ್ಲ ಅದರಲ್ಲೇ. ಅದೇ ವರ್ಷದ ಕೊನೆಗೆ ಅಂಗಡಿಯಲ್ಲಿ ಬರೀ ಮೊಟ್ಟೆಯ ಬೆಲೆಯೇ 6 ರೂಪಾಯಿ ದಾಟಿತು. ಕೈಯಿಂದ ರೊಕ್ಕ ಹಾಕುತ್ತಿದ್ದೇವೆಂದು ರಾಜ್ಯದ ಹಲವು ಕಡೆ ಶಿಕ್ಷಕರು ಗೋಳಿಟ್ಟರು.

ಲೆಕ್ಕ ಹಾಕಿ ನೋಡಿ. ಮೊಟ್ಟೆ ತಿನ್ನುವ ಮಕ್ಕಳು ನೂರು ಮಂದಿ ಎಂದಿಟ್ಟುಕೊಳ್ಳಿ. ವಾರಕ್ಕೆ 600 ಮೊಟ್ಟೆ. ಒಂದಕ್ಕೆ ಒಂದೇ ರೂಪಾಯಿ ಕಡಿಮೆ ಬಿದ್ದರೂ ನಾಲ್ಕು ವಾರಕ್ಕೆ 2,400 ರೂಪಾಯಿ. ಇದನ್ನು ತುಂಬುವವರು ಯಾರು? ಮಾಸ್ತರು ಸಂಬಳದಿಂದ ತೆಗೆಯಬೇಕು, ಇಲ್ಲವೇ ಅಂಗಡಿಯವನ ಉದ್ರಿ ಪುಸ್ತಕದಲ್ಲಿ ಬರೆಸಬೇಕು. "ಸಾರ್, ಹಿಂದಿನ ಬಾಕಿ ಚುಕ್ತಾ ಮಾಡ್ರಿ, ಆಮೇಲೆ ಟ್ರೇ ಒಯ್ಯಿರಿ" ಎಂದು ಅಂಗಡಿಯವನು ಅಂದರೆ ತಪ್ಪು ಅವನದಲ್ಲ. ಅವನೂ ಹೋಲ್‌ಸೇಲ್‌ನವನಿಗೆ ರೊಕ್ಕ ಕೊಡಬೇಕು. ಮೂರನೆಯ ದಾರಿಯೂ ಉಂಟು. ಮೊಟ್ಟೆ ಸಣ್ಣದಾಗುತ್ತದೆ, ಇಲ್ಲವೇ ಒಂದು ದಿನ ತಪ್ಪುತ್ತದೆ. ಆಗ ಕೈ ಕಚ್ಚುವುದು ಮಗುವಿಗೆ.

ಅಡುಗೆಯಮ್ಮನ ಪಾಡು ಬೇರೆ. ಎರಡು ದಿನ ಸುಲಿಯುತ್ತಿದ್ದವಳು ಈಗ ಆರು ದಿನ ಸುಲಿಯುತ್ತಾಳೆ. ಅವಳಿಗೆ ಸಿಗುವುದಕ್ಕೆ ಸಂಬಳ ಎಂಬ ಹೆಸರೂ ಇಲ್ಲ, ಅದು "ಗೌರವಧನ".

ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ ಎಂಬ ಗಾದೆ ಇದೆ. ಎಲ್ಲರೂ ಒಂದೊಂದು ಕಡ್ಡಿ ಕೊಟ್ಟರೆ ಬಡವನಿಗೆ ಒಂದು ಹೊರೆ ಆಗುತ್ತದೆಂಬ ಅರ್ಥ. ಇಲ್ಲಿ ಆದದ್ದು ಉಲ್ಟಾ. ದೊಡ್ಡವರು ಸಹಿ ಹಾಕಿದರು, ಫೋಟೋ ತೆಗೆಸಿಕೊಂಡರು. ಹೊರೆ ಬಿದ್ದದ್ದು ಸಹಿ ಹಾಕದ ಮೂವರ ತಲೆಗೆ: ಮಾಸ್ತರು, ಅಡುಗೆಯವಳು, ಅಂಗಡಿಯವನು.

ದಾರಿ ಕಷ್ಟದ್ದೇನಲ್ಲ. ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿ ದಿನದಿನವೂ ದರ ಹೊರಡಿಸುತ್ತದೆ. ಶಾಲೆಯ ದರವನ್ನು ತಿಂಗಳಿಗೊಮ್ಮೆ ಅದಕ್ಕೆ ಗಂಟು ಹಾಕಿದರಾಯಿತು. ಇಳಿದಾಗ ಸರ್ಕಾರಕ್ಕೆ ಉಳಿತಾಯ, ಏರಿದಾಗ ಮಾಸ್ತರರ ಜೇಬು ಕ್ಷೇಮ. ರೊಕ್ಕ ತಿಂಗಳ ಮೊದಲೇ ಶಾಲೆಯ ಖಾತೆಗೆ ಬರಲಿ. ಎಸ್‌ಡಿಎಂಸಿ ಸಭೆಗೆ ಮೊಟ್ಟೆ ಕೊಡುವ ಅಂಗಡಿಯವನನ್ನೂ ಅಡುಗೆಯಮ್ಮನನ್ನೂ ಕರೆದು ಕೂರಿಸಲಿ.

2027ರಲ್ಲಿ ಒಪ್ಪಂದದ ಮೂರು ವರ್ಷ ಮುಗಿಯುತ್ತವೆ. ಮುಂದಿನ ಕಾಗದ ಬರೆಯುವ ಮೊದಲು ದೊಡ್ಡವರು ಯಾವುದಾದರೂ ಹಳ್ಳಿಯ ಕಿರಾಣಿ ಅಂಗಡಿಯ ಉದ್ರಿ ಪುಸ್ತಕವನ್ನೊಮ್ಮೆ ತೆರೆದು ನೋಡಲಿ. ಕರಾರುಪತ್ರದಲ್ಲಿ ಇಲ್ಲದ ಲೆಕ್ಕವೆಲ್ಲ ಅದರಲ್ಲಿದೆ.