ಎರಡು ಮನೆಗಳ ಮಗು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಸೀಮೆಗೆ ವಿವಾಹವಿಚ್ಛೇದನವು ಹೊಸ ಮಾತಲ್ಲ. ಈ ತಾಲೂಕುಗಳು ಮುಂಬಯಿ ಪ್ರಾಂತದಲ್ಲಿದ್ದಾಗಲೇ 1947ರ ಕಾಯಿದೆಯೊಂದು ಹಿಂದೂ ದಂಪತಿಗಳಿಗೆ ಆ ಹಕ್ಕನ್ನು ನೀಡಿತ್ತು. ಅದಕ್ಕೂ ಮೊದಲು ಹಲವು ಸಮಾಜಗಳಲ್ಲಿ ಹಿರಿಯರೆದುರು ಸೋಡಚೀಟಿ ಬರೆದು ಬೇರೆಯಾಗುವ ರೂಢಿಯಿತ್ತು. ಆದರೆ ಚೀಟಿಯಿಂದಾಗಲಿ ತೀರ್ಪಿನಿಂದಾಗಲಿ ಮುಗಿಯುವುದು ಗಂಡಹೆಂಡಿರ ಸಂಬಂಧ ಮಾತ್ರ. ಮಗುವಿಗೆ ಅಪ್ಪ ಅಪ್ಪನೇ, ಅವ್ವ ಅವ್ವನೇ.

ತಾನು ಹಟಮಾಡಿದ್ದರಿಂದಲೇ ಅಪ್ಪ ಮನೆಬಿಟ್ಟನೇನೋ ಎಂಬ ಅಳುಕು ಎಷ್ಟೋ ಮಕ್ಕಳನ್ನು ಒಳಗೊಳಗೇ ಕೊರೆಯುತ್ತದೆ. ಬಾಯಿಬಿಟ್ಟು ಹೇಳಲಾರದ ಮಗು ಊಟ ಬಿಡುತ್ತದೆ, ಹಾಸಿಗೆ ಒದ್ದೆ ಮಾಡುತ್ತದೆ, ಶಾಲೆಯ ಹೊತ್ತಿಗೆ ಹೊಟ್ಟೆನೋವೆನ್ನುತ್ತದೆ. ಇದಕ್ಕೆ ದಂಡನೆ ಮದ್ದಲ್ಲ. ತಂದೆತಾಯಿಗಳು ಸಾಧ್ಯವಾದರೆ ಒಟ್ಟಿಗೆ ಕುಳಿತು, ತಾವು ಬೇರೆಬೇರೆ ಮನೆಗಳಲ್ಲಿರುವುದಾಗಿಯೂ ಅದರಲ್ಲಿ ಮಗುವಿನ ತಪ್ಪೇನೂ ಇಲ್ಲವೆಂದೂ ಸ್ಪಷ್ಟವಾಗಿ ತಿಳಿಸಬೇಕು. ಒಮ್ಮೆ ಹೇಳಿದರೆ ಸಾಲದು. ಕೇಳಿದಾಗಲೆಲ್ಲ ಅದೇ ಉತ್ತರ ದೊರೆಯಬೇಕು. ಮತ್ತೆ ಕೂಡುವೆವೆಂಬ ಸುಳ್ಳು ಆಸೆಯನ್ನು ಹುಟ್ಟಿಸಬಾರದು.

ಮುದ್ದೇಬಿಹಾಳದಲ್ಲಿ ತಾಯಿಯೊಡನಿರುವ ಮಗುವೊಂದು ರಜೆಗೆ ಇಂಡಿಯ ತಂದೆಯ ಮನೆಗೆ ಹೋಯಿತೆನ್ನೋಣ. ಅಲ್ಲಿ ಆಯಿ, “ನಿಮ್ಮವ್ವ ನಮಗ ಏನಂತಾಳ?” ಎಂದು ಕೇಳುತ್ತಾಳೆ. ಮರಳಿ ಬಂದಾಗ ಸೋದರಮಾವ, “ನಿಮ್ಮಪ್ಪ ರೊಕ್ಕ ಕೊಟ್ಟಾನೇನು?” ಎನ್ನುತ್ತಾನೆ. ಕೇಳಿದವರಿಗೆ ಅದು ಸಹಜ ಮಾತು, ಮಗುವಿಗೆ ಸಾಕ್ಷಿಕಟ್ಟೆ. ಒಬ್ಬರಿಗೆ ಉತ್ತರ ಕೊಟ್ಟರೆ ಇನ್ನೊಬ್ಬರಿಗೆ ದ್ರೋಹ ಬಗೆದಂತೆ ಅದಕ್ಕೆ ತೋರುತ್ತದೆ. ಖರ್ಚುವೆಚ್ಚದ ಮಾತನ್ನು ಹಿರಿಯರು ತಾವೇ ಆಡಿಕೊಳ್ಳಬೇಕು.

ಪಂಚಮಿಯ ಜೋಕಾಲಿ ಯಾವ ಊರಲ್ಲಿ, ಎಳ್ಳಮಾವಾಸ್ಯೆಯ ಚರಗಕ್ಕೆ ಯಾರ ಹೊಲಕ್ಕೆ ಎಂಬುದನ್ನು ಮುಂಚೆಯೇ ನಿಶ್ಚಯಿಸಿ ಮಗುವಿಗೆ ತಿಳಿಸಿದರೆ ಹಬ್ಬದ ದಿನದ ಜಗಳ ತಪ್ಪುತ್ತದೆ. ಬರುವೆನೆಂದ ದಿನ ತಂದೆ ತಪ್ಪದೆ ಬರಬೇಕು. ಕೈಲಾದಮಟ್ಟಿಗೆ ಶಾಲೆಯನ್ನೂ ಗೆಳೆಯರನ್ನೂ ಬದಲಿಸಬಾರದು. ಗುರುಗಳಿಗೆ ಸಂಗತಿಯನ್ನು ಗುಟ್ಟಾಗಿ ತಿಳಿಸಿಡುವುದು ಒಳ್ಳೆಯದು.

ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿಯಿರಬೇಕೆಂದೂ, ಪಾಲಕರನ್ನು ನಿಯಮಿಸುವಾಗ ಮಗುವಿನ ಹಿತವೇ ಎಲ್ಲಕ್ಕಿಂತ ಮೇಲೆಂದೂ 1956ರ ಹಿಂದೂ ಅಪ್ರಾಪ್ತವಯಸ್ಕರ ಕಾಯಿದೆ ಹೇಳುತ್ತದೆ. 1955ರ ಹಿಂದೂ ವಿವಾಹ ಕಾಯಿದೆಯು ಸಾಧ್ಯವಿದ್ದಲ್ಲೆಲ್ಲ ಮಗುವಿನ ಇಚ್ಛೆಯನ್ನೂ ಮನ್ನಿಸುತ್ತದೆ. ಆ ಇಚ್ಛೆಯನ್ನು ನ್ಯಾಯಾಧೀಶರು ಹದವರಿತು ವಿಚಾರಿಸಿಕೊಳ್ಳಲಿ. “ಅಪ್ಪ ಬೇಕೋ, ಅವ್ವ ಬೇಕೋ?” ಎಂಬ ಪ್ರಶ್ನೆಯನ್ನು ಮನೆಯಲ್ಲಿ ಯಾರೂ, ತಮಾಷೆಗೂ, ಕೇಳಲಾಗದು. ಮಗುವಿಗೆ ಬೇಕಾದವರು ಇಬ್ಬರೂ.