ತಪ್ಪೊಪ್ಪಿಗೆಗೆ ಎಡೆಯಿಲ್ಲದ ಕಪ್ಪು ಕೋಟು

ನಮ್ಮ ಪಟ್ಟಣಗಳ ಮುಸ್ಲಿಮ್ ಮನೆಗಳಲ್ಲಿ ಮಗನೋ ಮಗಳೋ ವಕೀಲರಾದರೆ ಮೊಹಲ್ಲಾ ಇಡೀ ಸಂಭ್ರಮಿಸುತ್ತದೆ. ಸಮುದಾಯಕ್ಕೊಂದು ದನಿ ಸಿಕ್ಕಿತೆಂದು ನಾವು ಹೆಮ್ಮೆಪಡುತ್ತೇವೆ. ಆದರೆ ಆ ಕಪ್ಪು ಕೋಟಿನೊಳಗಿರುವ ಮನುಷ್ಯ ರಾತ್ರಿ ನಿದ್ದೆಯಿಲ್ಲದೆ ಹೊರಳಾಡುವುದೇಕೆಂದು ನಾವು ಕೇಳುವುದಿಲ್ಲ.

ನ್ಯಾಯಾಲಯದಲ್ಲಿ ದಾವೆ ನಡೆಸುವ ವಕೀಲನ ಬದುಕು ನಿಂತಿರುವುದು ದಿನಾಂಕಗಳ ಮೇಲೆ. ಸಿವಿಲ್ ಡಿಕ್ರಿಯ ವಿರುದ್ಧ ಜಿಲ್ಲಾ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸಲು 30 ದಿನ, ಹೈಕೋರ್ಟಿಗಾದರೆ 90 ದಿನ. ಕಕ್ಷಿದಾರರೊಬ್ಬರು ಮೃತಪಟ್ಟರೆ ಅವರ ವಾರಸುದಾರರನ್ನು 90 ದಿನಗಳೊಳಗೆ ದಾಖಲೆಗೆ ತರಬೇಕು. ವಿಚಾರಣೆಗೆ ಕೂಗಿದಾಗ ವಾದಿಯ ಪರ ಯಾರೂ ಇಲ್ಲದಿದ್ದರೆ ದಾವೆ ವಜಾ ಆಗಬಹುದು. ಒಂದೇ ಬೆಳಿಗ್ಗೆ ಎರಡು ನ್ಯಾಯಾಲಯಗಳಲ್ಲಿ ಹಾಜರಾಗಬೇಕಾದವನು ಡೈರಿಯ ಒಂದು ಪುಟ ತಪ್ಪಿ ಮಗುಚಿದರೂ ಸಾಕು, ಒಂದು ಕುಟುಂಬದ ಮನೆ, ಒಬ್ಬ ವಿಧವೆಯ ಹಕ್ಕು ಅಪಾಯಕ್ಕೆ ಸಿಲುಕುತ್ತದೆ. ಈ ಭಾರವನ್ನು ಹೊತ್ತವನಿಗೆ ಒತ್ತಡ ಉಂಟಾಗುವುದು ಸಹಜ.

ಹಾಗಿದ್ದರೂ ತಪ್ಪಿಗಿಂತ ದೊಡ್ಡ ಅನಾಹುತವಾಗುವುದು ತಪ್ಪನ್ನು ಮುಚ್ಚಿಟ್ಟಾಗ ಎಂಬುದು ನಮ್ಮ ಅಭಿಪ್ರಾಯ. ಕುರ್‌ಆನ್ ನಮ್ಮ ಮುಂದಿಟ್ಟಿರುವ ಮೊಟ್ಟಮೊದಲ ಪ್ರಕರಣವೇ ಇದಕ್ಕೆ ನಿದರ್ಶನ. ಆದಮ್(ಅ)ರಿಂದಲೂ ತಪ್ಪಾಯಿತು, ಇಬ್ಲೀಸನಿಂದಲೂ ತಪ್ಪಾಯಿತು. ಆದಮರು ನಮ್ಮ ಮೇಲೆ ನಾವೇ ಅನ್ಯಾಯವೆಸಗಿಕೊಂಡೆವೆಂದು ತಲೆಬಾಗಿದರು. ಇಬ್ಲೀಸನಾದರೋ ತಾನು ಬೆಂಕಿಯಿಂದಾದವನು, ಆದಮ್ ಮಣ್ಣಿನಿಂದಾದವರು ಎಂದು ವಾದ ಹೂಡಿದನು. ಒಪ್ಪಿಕೊಂಡವರಿಗೆ ಕ್ಷಮೆ ದೊರೆಯಿತು, ವಾದಿಸಿದವನು ಬಹಿಷ್ಕೃತನಾದನು. ವಾದವೇ ವೃತ್ತಿಯಾಗಿರುವವರು ತಮ್ಮ ತಪ್ಪಿಗೆ ತಾವೇ ವಕೀಲರಾಗದಂತೆ ಎಚ್ಚರವಹಿಸಲು ಇದಕ್ಕಿಂತ ಮಿಗಿಲಾದ ಪಾಠ ಬೇಕೆ?

ಮನುಷ್ಯರೆಲ್ಲರೂ ತಪ್ಪು ಮಾಡುವವರೇ, ಅವರಲ್ಲಿ ಪಶ್ಚಾತ್ತಾಪಪಟ್ಟು ಮರಳುವವರೇ ಉತ್ತಮರೆಂದು ಪ್ರವಾದಿ(ಸ) ಕಲಿಸಿದ್ದಾರೆ. ಆದರೆ ಇನ್ನೊಬ್ಬರ ಹಕ್ಕಿಗೆ ಸಂಬಂಧಿಸಿದ ತಪ್ಪಿನಲ್ಲಿ ಕಣ್ಣೀರಷ್ಟೇ ತೌಬಾ ಆಗುವುದಿಲ್ಲ. ಆದ ನಷ್ಟವನ್ನು ಸರಿಪಡಿಸಲು ಶ್ರಮಿಸಬೇಕು.

ಹಾಗೆ ಸರಿಪಡಿಸಲು ನಮ್ಮ ಕಾನೂನು ಬಾಗಿಲನ್ನು ತೆರೆದೇ ಇಟ್ಟಿದೆ. ಗೈರುಹಾಜರಿಯಿಂದ ವಜಾಗೊಂಡ ದಾವೆಯ ಪುನಃಸ್ಥಾಪನೆಗೆ 30 ದಿನಗಳೊಳಗೆ ಅರ್ಜಿ ಸಲ್ಲಿಸಬಹುದು. ಮೇಲ್ಮನವಿ ತಡವಾದರೆ ಕಾಲಮಿತಿ ಅಧಿನಿಯಮದ 5ನೇ ಕಲಮಿನಡಿ ಸಕಾರಣ ತೋರಿಸಿ ವಿಳಂಬದ ಮನ್ನಾ ಕೋರಬಹುದು. 1981ರ ರಫೀಕ್ ವಿರುದ್ಧ ಮುನ್ಷಿಲಾಲ್ ಪ್ರಕರಣದಲ್ಲಿ ಅಲಹಾಬಾದ್ ಹೈಕೋರ್ಟಿನಲ್ಲಿ ವಕೀಲರು ಹಾಜರಾಗದ ಕಾರಣ ಮೇಲ್ಮನವಿಯೇ ಬಿದ್ದುಹೋಗಿತ್ತು. ವಕೀಲನ ತಪ್ಪಿಗೆ ನಿರಪರಾಧಿ ಕಕ್ಷಿದಾರನನ್ನು ಬಲಿಕೊಡಲಾಗದೆಂದು ಸುಪ್ರೀಮ್ ಕೋರ್ಟ್ ಅದನ್ನು ಪುನಃ ವಿಚಾರಣೆಗೆ ಕಳಿಸಿತು, ಗೈರುಹಾಜರಾದ ವಕೀಲರಿಂದಲೇ ವೆಚ್ಚ ವಸೂಲು ಮಾಡುವಂತೆಯೂ ಹೇಳಿತು. ಇಂಥ ದಯೆ ಎಲ್ಲ ಪ್ರಕರಣಗಳಲ್ಲೂ ಸಿಗುತ್ತದೆಂಬ ಭರವಸೆಯಿಲ್ಲ. ತಪ್ಪು ಗೊತ್ತಾದ ದಿನವೇ ಕಕ್ಷಿದಾರನಿಗೆ ತಿಳಿಸಿ ಅರ್ಜಿ ಸಲ್ಲಿಸಿದವನಿಗೆ ದಾರಿ ಇದೆ. ಆರು ತಿಂಗಳು 'ಕೇಸು ನಡೆಯುತ್ತಿದೆ' ಎಂದು ಸುಳ್ಳು ಹೇಳಿದವನಿಗೆ ಆ ದಾರಿ ದಿನೇ ದಿನೇ ಕಿರಿದಾಗುತ್ತದೆ.

ವಕೀಲರ ಸೇವೆಯು ಗ್ರಾಹಕ ಸಂರಕ್ಷಣಾ ಕಾನೂನಿನ ವ್ಯಾಪ್ತಿಗೆ ಬರುವುದಿಲ್ಲವೆಂದು ಸುಪ್ರೀಮ್ ಕೋರ್ಟ್ 2024ರಲ್ಲಿ ತೀರ್ಪಿತ್ತಿದೆ. ಇದನ್ನು ಯಾರೂ ಬಿಡುಗಡೆಯ ಪತ್ರವೆಂದು ಭಾವಿಸಬಾರದು. ವೃತ್ತಿ ದುರ್ವರ್ತನೆಯನ್ನು ವಿಚಾರಿಸುವ ಅಧಿಕಾರ ವಕೀಲರ ಪರಿಷತ್ತಿಗೆ ಇದ್ದೇ ಇದೆ. ಅದಕ್ಕೂ ಮೇಲೆ, ಯಾವ ದಾಖಲೆಯೂ ಕಳೆದುಹೋಗದ ಒಂದು ನ್ಯಾಯಾಲಯವೂ ಇದೆ.

ಇನ್ನು ನಮ್ಮ ಸಮುದಾಯದ ಪಾಲು. ಕೇಸು ಸೋತ ಕೂಡಲೇ 'ಎದುರು ಪಕ್ಷಕ್ಕೆ ಮಾರಿಕೊಂಡ' ಎಂಬ ಅಪವಾದವನ್ನು ಮಸೀದಿಯ ಅಂಗಳದಲ್ಲೇ ಹಬ್ಬಿಸುವವರು ನಾವಲ್ಲವೇ? ಸಾಕ್ಷ್ಯವಿಲ್ಲದ ಗುಮಾನಿ ಪಾಪವೆಂಬುದನ್ನು ಆಗ ಮರೆಯುತ್ತೇವೆ. 'ನಮ್ಮ ಹುಡುಗ' ಎಂದು ಫೀಸು ಕೊಡದೆ, ನಡುರಾತ್ರಿಯಲ್ಲೂ ಫೋನ್ ಮಾಡಿ, ಗೆಲುವಿನ ಖಾತ್ರಿ ಕೇಳುತ್ತೇವೆ. ಕಿರಿಯ ವಕೀಲರಿಗೆ ನಗರಗಳಲ್ಲಿ ತಿಂಗಳಿಗೆ ಕನಿಷ್ಠ 20,000, ಗ್ರಾಮೀಣ ಪ್ರದೇಶಗಳಲ್ಲಿ 15,000 ರೂಪಾಯಿ ಸ್ಟೈಪೆಂಡ್ ನೀಡಬೇಕೆಂದು ಭಾರತೀಯ ವಕೀಲರ ಪರಿಷತ್ತು 2024ರಲ್ಲಿ ಶಿಫಾರಸು ಮಾಡಿದೆ. ಈ ಮೊತ್ತ ಕೈಗೆ ಸಿಗದ ನಮ್ಮ ಮಕ್ಕಳೆಷ್ಟೋ ಮಂದಿ ಹಿರಿಯರ ಕಚೇರಿಗಳಲ್ಲಿ ಕಡತ ಹೊರುತ್ತಿದ್ದಾರೆ. ತಪ್ಪೊಪ್ಪಿಕೊಂಡವನನ್ನು ಬೀದಿಯಲ್ಲಿ ನಿಲ್ಲಿಸುವ ಸಮಾಜದಲ್ಲಿ ಎಲ್ಲರೂ ತಪ್ಪು ಮುಚ್ಚಿಡುವುದನ್ನೇ ಕಲಿಯುತ್ತಾರೆ.

ಆದುದರಿಂದ ಯುವ ವಕೀಲರಲ್ಲಿ ನಮ್ಮದೊಂದು ವಿನಂತಿ. ದಿನಾಂಕಗಳನ್ನು ಎರಡು ಕಡೆ ಬರೆದಿಡಿ. ನಿಭಾಯಿಸಲಾಗದ ಕೇಸನ್ನು ಒಪ್ಪಿಕೊಳ್ಳಬೇಡಿ. ಇಮಾಮ್ ಮಾಲಿಕ್(ರ)ರಂಥ ವಿದ್ವಾಂಸರೇ ಅನೇಕ ಪ್ರಶ್ನೆಗಳಿಗೆ ತಮಗೆ ತಿಳಿಯದೆಂದು ಹೇಳಲು ಸಂಕೋಚಪಡಲಿಲ್ಲ. ಹಿರಿಯರನ್ನು ಕೇಳಿ. ಐದು ಹೊತ್ತಿನ ನಮಾಝನ್ನು ಕೆಲಸದ ನಡುವಿನ ಅಡ್ಡಿಯೆಂದಲ್ಲ, ಹೊರೆಯಿಳಿಸುವ ಕಟ್ಟೆಯೆಂದು ತಿಳಿಯಿರಿ. ನಿದ್ದೆ ಕೆಟ್ಟು ಮನಸ್ಸು ಕುಗ್ಗಿದರೆ ವೈದ್ಯರ ಬಳಿ ಹೋಗಿ, ಅದು ಈಮಾನಿನ ಕೊರತೆಯಲ್ಲ.

ಕುಟುಂಬಗಳಿಗೂ ಒಂದು ಮಾತು. ಪ್ರತಿ ಕೇಸಿಗೂ 16 ಅಕ್ಷರ-ಅಂಕಿಗಳ ಒಂದು ಸಿಎನ್‌ಆರ್ ಸಂಖ್ಯೆಯಿರುತ್ತದೆ. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಅದನ್ನು ಹಾಕಿ ಮುಂದಿನ ದಿನಾಂಕವನ್ನು ನೀವೇ ನೋಡಿಕೊಳ್ಳಿ. ಇದರಿಂದ ವಕೀಲನ ಭಾರವೂ ಹಗುರಾಗುತ್ತದೆ, ನಿಮ್ಮ ಹಕ್ಕೂ ಉಳಿಯುತ್ತದೆ. ಅವನು ತಲೆತಗ್ಗಿಸಿ 'ನನ್ನಿಂದ ತಪ್ಪಾಯಿತು' ಎಂದು ಬಂದ ದಿನ, ಬಯ್ಯುವ ಮುನ್ನ 'ಈಗ ಏನು ಮಾಡಬಹುದು?' ಎಂದು ಕೇಳಿ. ನಾಳೆ ನಮ್ಮ ಪ್ರಭುವಿನ ಮುಂದೆ ನಿಲ್ಲುವಾಗ ನಾವು ಆಶಿಸುವುದೂ ಇಂಥ ಕರುಣೆಯನ್ನೇ ಅಲ್ಲವೇ?